ಕಾಪಿ ಮಾಡಿದರೆ ಕನ್ನಡ ಮಾಯ! ಡಿಟಿಪಿ ಅಂಗಡಿಗಳ ನಿತ್ಯದ ಗೋಳು

ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿಗಳ ಮುಂದೆ ಬೆಳಿಗ್ಗೆ ಹತ್ತೂವರೆಗೆ ಶುರುವಾಗುವ ಸಾಲು ಮಧ್ಯಾಹ್ನ ಊಟದ ಹೊತ್ತಾದರೂ ಕರಗುವುದಿಲ್ಲ. ಅರ್ಜಿ, ಕರಾರು ಪತ್ರ, ಅಫಿಡವಿಟ್, ಸಂಘದ ನಡಾವಳಿ, ಮದುವೆ ಕಾರ್ಡು, ತಿಥಿ ಕಾರ್ಡು ಎಲ್ಲಕ್ಕೂ ಅಲ್ಲೇ ಹೋಗಬೇಕು. ಈಗೀಗ ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಮಗನೋ ಮೊಮ್ಮಗಳೋ ಮೊಬೈಲಿನಲ್ಲಿ ಟೈಪ್ ಮಾಡಿಕೊಟ್ಟಿರುತ್ತಾರೆ, ಇಲ್ಲವೇ ವಕೀಲರ ಗುಮಾಸ್ತರು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟಿರುತ್ತಾರೆ. 'ಎಲ್ಲಾ ರೆಡಿ ಐತಣ್ಣಾ, ಬರೀ ಪ್ರಿಂಟ್ ತೆಗೆದುಕೊಡು, ಹನ್ನೆರಡರ ಬಸ್ಸಿಗೆ ಹೋಗ್ಬೇಕು' ಎಂಬುದು ಇಂಥವರ ಮಾಮೂಲು ಮಾತು.

ಆದರೆ ಆ ರೆಡಿ ಇದ್ದದ್ದನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಅಂಟಿಸಿದ ಕೂಡಲೇ ಕಥೆ ಬೇರೆಯಾಗುತ್ತದೆ. ಒಂದು ಸಾಲು ದಪ್ಪ, ಮುಂದಿನ ಸಾಲು ಸಣ್ಣ. ಹಿಂದೆ ಬೂದು ಬಣ್ಣದ ಪಟ್ಟಿ. ಸಾಲು ಅರ್ಧಕ್ಕೇ ತುಂಡಾಗಿ ಕೆಳಗಿಳಿದಿರುತ್ತದೆ. ಇದಿಷ್ಟಾದರೆ ಪುಣ್ಯ. ಎಷ್ಟೋ ಸಲ ಕನ್ನಡವೇ ಹೋಗಿ ಪುಟದ ತುಂಬ ಕಾಗೆಕಾಲು ಗುಬ್ಬಿಕಾಲು! ಆಗ ಅಂಗಡಿಯವರು ಹೇಳುವುದು ಒಂದೇ ಮಾತು: 'ಇದು ಬರಲ್ಲ ಯಜಮಾನ್ರೇ, ಹೊಸದಾಗಿ ಟೈಪ್ ಮಾಡ್ಬೇಕು.' ಪುಟದ ಲೆಕ್ಕದಲ್ಲಿ ಟೈಪಿಂಗ್ ದುಡ್ಡು ಬೇರೆ, ಪ್ರಿಂಟಿನ ದುಡ್ಡು ಬೇರೆ. ಹನ್ನೆರಡರ ಬಸ್ಸೂ ಹೋಯಿತು.

ಇದಕ್ಕೆ ಯಾರನ್ನು ಬೈಯುವುದು? ಅಂಗಡಿಯವರು ಗಿರಾಕಿಯ ಮೊಬೈಲನ್ನು ಬೈಯುತ್ತಾರೆ. ಗಿರಾಕಿ ಅಂಗಡಿಯವರನ್ನು ಬೈಯುತ್ತಾನೆ. ಅಸಲಿಗೆ ತಪ್ಪು ಇಬ್ಬರದೂ ಅಲ್ಲ. ಮಧ್ಯದಲ್ಲಿ ಕಣ್ಣಿಗೆ ಕಾಣದ ಒಂದು ಸಂಗತಿ ಇದೆ. ಅದನ್ನು ತಿಳಿದುಕೊಂಡರೆ ಮುಕ್ಕಾಲುಪಾಲು ಕೆಲಸ ಎರಡು ನಿಮಿಷದ್ದು.

ಝೆರಾಕ್ಸ್ ಅಂಗಡಿಯ ನೆಂಟಸ್ತಿಕೆ

ಕಾಪಿ ತೆಗೆಯುವ ಅಂಗಡಿಗೆ ನಮ್ಮ ಜನ ಝೆರಾಕ್ಸ್ ಅಂಗಡಿ ಎಂದೇ ಹೆಸರಿಟ್ಟಿದ್ದಾರೆ. ತಮಾಷೆಯೆಂದರೆ ಕಂಪ್ಯೂಟರಿನ 'ಕಾಪಿ, ಪೇಸ್ಟ್' ಕೂಡ ಅದೇ ಮನೆಯ ಕೂಸು. ಅಮೆರಿಕದ ಪಾಲೋ ಆಲ್ಟೊ ಊರಿನಲ್ಲಿದ್ದ ಝೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ 1970ರ ದಶಕದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಎಂಬಿಬ್ಬರು ಸೇರಿ ಮಾಡಿದ ಬರಹದ ಪ್ರೋಗ್ರಾಮಿನಲ್ಲಿ ಈ ಉಪಾಯ ರೂಪುಗೊಂಡಿತು. ಕತ್ತರಿ ಮತ್ತು ಗೋಂದು ಹಿಡಿದು ಹಾಳೆ ಕತ್ತರಿಸಿ ಅಂಟಿಸುತ್ತಿದ್ದವರ ಕೆಲಸ ನೋಡಿ ಹೊಳೆದ ಉಪಾಯ ಅದು. ಟೆಸ್ಲರ್ 2020ರಲ್ಲಿ ತೀರಿಕೊಂಡರು. ಅವರ ಉಪಾಯ ಇವತ್ತು ಎಲ್ಲರ ಅಂಗೈಯಲ್ಲಿದೆ.

ಆದರೆ ಹಾಳೆ ಅಂಟಿಸುವುದಕ್ಕೂ ಕಂಪ್ಯೂಟರಿನಲ್ಲಿ ಅಂಟಿಸುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಕಾಪಿ ಒತ್ತಿದಾಗ ಕಂಪ್ಯೂಟರು ಬರೀ ಅಕ್ಷರವನ್ನು ಎತ್ತಿಕೊಳ್ಳುವುದಿಲ್ಲ. ಒಂದೇ ಬರಹವನ್ನು ಎರಡು ಮೂರು ರೂಪದಲ್ಲಿ ಗಂಟು ಕಟ್ಟಿ ಇಟ್ಟುಕೊಳ್ಳುತ್ತದೆ. ಒಂದು ಗಂಟಿನಲ್ಲಿ ಬರೀ ಅಕ್ಷರ. ಇನ್ನೊಂದರಲ್ಲಿ ಅಕ್ಷರದ ಜೊತೆಗೆ ಅದರ ಫಾಂಟು, ಗಾತ್ರ, ಬಣ್ಣ, ಸಾಲಿನ ಅಂತರ, ಅಂಚು ಎಲ್ಲ ಸಾಮಾನೂ. ಅಂಟಿಸುವಾಗ ಆ ಕಡೆಯ ಪ್ರೋಗ್ರಾಮು ತನಗೆ ಅರ್ಥವಾಗುವ ಗಂಟುಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಸಾಮಾನಿರುವುದನ್ನೇ ಬಿಚ್ಚುತ್ತದೆ. ಮನೆ ಬದಲಾಯಿಸುವಾಗ ಬೇಕಾದ ಪಾತ್ರೆಯ ಜೊತೆ ಹಳೇ ಮನೆಯ ಕಸವೂ ಲಾರಿ ಹತ್ತಿ ಬಂದ ಹಾಗೆ. ಮೊಬೈಲಿನ ಬೂದು ಪಟ್ಟಿ, ವೆಬ್‌ಸೈಟಿನ ನೀಲಿ ಬಣ್ಣ, ಇನ್ನೊಬ್ಬರ ಫೈಲಿನ ಅಂಚಿನ ಅಳತೆ ಎಲ್ಲ ಬಂದು ಕೂರುವುದು ಹೀಗೆ.

ಕಸ ಗುಡಿಸುವ ಪೊರಕೆ

ಈ ಕಸ ಗುಡಿಸಲು ಪೊರಕೆ ಇಲ್ಲದಿಲ್ಲ. ಎಂ.ಎಸ್. ವರ್ಡ್‌ನಲ್ಲಿ ಅಂಟಿಸುವಾಗ ಮೌಸಿನ ಬಲಗುಂಡಿ ಒತ್ತಿದರೆ 'ಕೀಪ್ ಟೆಕ್ಸ್ಟ್ ಓನ್ಲಿ' ಎಂಬ ಚಿತ್ರ ಸಿಗುತ್ತದೆ. ಅದನ್ನು ಒತ್ತಿದರೆ ಬರೀ ಅಕ್ಷರ ಮಾತ್ರ ಬರುತ್ತದೆ, ಸಾಮಾನು ಬರುವುದಿಲ್ಲ. ಗೂಗಲ್ ಡಾಕ್ಸ್‌ನಲ್ಲೂ ವರ್ಡ್‌ನ ಹೊಸ ಆವೃತ್ತಿಗಳಲ್ಲೂ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿದರೆ ಅದೇ ಕೆಲಸ. ಅಂಟಿಸಿ ಆಗಿಹೋಗಿದ್ದರೆ, ಬರಹವನ್ನೆಲ್ಲ ಆರಿಸಿ ಅಕ್ಷರ ಅಳಿಸುವ ರಬ್ಬರಿನ ಚಿತ್ರವಿರುವ 'ಕ್ಲಿಯರ್ ಆಲ್ ಫಾರ್ಮ್ಯಾಟಿಂಗ್' ಗುಂಡಿ ಒತ್ತಿದರೆ ಆಯಿತು. ಯಾವುದೂ ಗೊತ್ತಿಲ್ಲವೆಂದರೆ ಹಳೇ ನೋಟ್‌ಪ್ಯಾಡ್ ಇದ್ದೇ ಇದೆ. ಅದಕ್ಕೆ ಬಣ್ಣ, ಅಂಚು ಒಂದೂ ತಿಳಿಯದು. ಅದರಲ್ಲಿ ಅಂಟಿಸಿ, ಅಲ್ಲಿಂದ ಮತ್ತೆ ಕಾಪಿ ಮಾಡಿ ವರ್ಡ್‌ಗೆ ತಂದರೆ ಬರಹ ಸ್ನಾನ ಮಾಡಿದಂತೆ ಬರುತ್ತದೆ.

ಇಂಗ್ಲಿಷ್ ಬರಹಕ್ಕಾದರೆ ಇಲ್ಲಿಗೆ ಕಥೆ ಮುಗಿಯಿತು. ಕನ್ನಡಕ್ಕೆ ಮಾತ್ರ ಇಲ್ಲಿಂದಲೇ ಕಥೆ ಶುರು. ಇಂಗ್ಲಿಷಿಗೆ ಔಷಧವಾದ ಈ ಪೊರಕೆ ಹಳೆಯ ಕನ್ನಡ ಫೈಲಿಗೆ ವಿಷವಾಗುತ್ತದೆ. ಕಸದ ಜೊತೆ ಕನ್ನಡವನ್ನೂ ಗುಡಿಸಿ ಆಚೆ ಹಾಕುತ್ತದೆ!

ವೇಷ ಕಳಚಿದರೆ ಭೀಮಸೇನ ಎಲ್ಲಿ?

ಕಂಪ್ಯೂಟರಿಗೆ ಕನ್ನಡ ಬಂದ ಹೊಸದರಲ್ಲಿ ಮಾಮೂಲಿ ಪ್ರೋಗ್ರಾಮುಗಳಿಗೆ ಕನ್ನಡದ ಅಕ್ಷರ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ ಮಾತ್ರ ಗೊತ್ತು. ಆಗಿನ ಜಾಣರು ಒಂದು ಉಪಾಯ ಮಾಡಿದರು. ಒಳಗೆ ಇಂಗ್ಲಿಷ್ ಅಕ್ಷರವನ್ನೇ ಇಟ್ಟು, ಮೇಲೆ ಕನ್ನಡದ ಚಿತ್ರವಿರುವ ಫಾಂಟಿನ ವೇಷ ತೊಡಿಸಿದರು. ಕನ್ನಡ ಗಣಕ ಪರಿಷತ್ತು ತಯಾರಿಸಿದ 'ನುಡಿ', ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ 'ಬರಹ', ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರ 'ಶ್ರೀಲಿಪಿ' ಇವುಗಳ ಹಳೆಯ ಫಾಂಟುಗಳೆಲ್ಲ ಈ ಬಗೆಯವು. ಇವು ಇಲ್ಲದಿದ್ದರೆ ರಾಜ್ಯದ ಕಚೇರಿಗಳಿಗೂ ಮುದ್ರಣಾಲಯಗಳಿಗೂ ಕನ್ನಡ ಬರುವುದು ಇನ್ನಷ್ಟು ತಡವಾಗುತ್ತಿತ್ತು. ಆ ಋಣ ಮರೆಯುವಂಥದ್ದಲ್ಲ.

ಆದರೆ ವೇಷ ವೇಷವೇ. ಬಯಲಾಟದಲ್ಲಿ ಕಿರೀಟ ತೆಗೆದು ಬಣ್ಣ ತೊಳೆದರೆ ಭೀಮಸೇನ ಹೋಗಿ ಕೆಳಗಿನ ಕೇರಿಯ ತಮ್ಮಣ್ಣ ನಿಂತಿರುತ್ತಾನಲ್ಲ, ಹಾಗೆ. ಹಳೆಯ ನುಡಿಯಲ್ಲಿ 'ಕನ್ನಡ' ಎಂದು ಟೈಪ್ ಮಾಡಿದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವುದು ಏಳು ಗುರುತು: ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೀಟು ಇರುವ ಎ, ಬ್ರಿಟನ್ನಿನ ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಒಂದು ಕ್ಯೂ, ಕೊನೆಗೆ ಮತ್ತೊಂದು ಗೀಟಿನ ಎ. ಫಾಂಟು ಮೈಮೇಲಿರುವ ತನಕ ಇದು ಕನ್ನಡ. ಫಾಂಟು ಕಳಚಿತೋ, ಓದಲು ಬಾರದ ಕಂತೆ.

ಅಂದರೆ ಇಲ್ಲಿ ಫಾಂಟು ಬರಿಯ ಅಲಂಕಾರವಲ್ಲ. ಫಾಂಟೇ ಅಕ್ಷರ. 'ಬರೀ ಅಕ್ಷರ ಸಾಕು, ಫಾಂಟು ಬೇಡ' ಎಂದು ಅಂಟಿಸಿದವನು ಅಕ್ಷರವನ್ನೇ ಬಿಟ್ಟುಬಂದಂತೆ. ನುಡಿಯಲ್ಲಿ ಟೈಪ್ ಮಾಡಿದ್ದು ವಾಟ್ಸ್ಯಾಪಿಗೆ ಹೋದಾಗ ಕಾಗೆಕಾಲು ಆಗುವುದೂ ಇದರಿಂದಲೇ. ವಾಟ್ಸ್ಯಾಪು ಫಾಂಟು ಹೊತ್ತು ಸಾಗಿಸುವುದಿಲ್ಲ. ನುಡಿ ಫಾಂಟು ಹಾಕಿರದ ಕಂಪ್ಯೂಟರಿನಲ್ಲಿ ಫೈಲು ತೆರೆದರೂ ಅದೇ ಹಣೆಬರಹ.

ಈಗಿನ ಮೊಬೈಲುಗಳಲ್ಲಿ ಟೈಪ್ ಮಾಡುವ ಕನ್ನಡ ಹೀಗಲ್ಲ. ಅದು ಯೂನಿಕೋಡ್. ಅಲ್ಲಿ ಕನ್ನಡಕ್ಕೆ ಸ್ವಂತ ಮನೆಯಿದೆ. ಕ ಎಂದರೆ ಜಗತ್ತಿನ ಯಾವ ಕಂಪ್ಯೂಟರಿನಲ್ಲೂ ಕ ಎಂದೇ ಲೆಕ್ಕ, ಫಾಂಟು ಯಾವುದಾದರೂ ಇರಲಿ. ವಿಂಡೋಸ್‌ನಲ್ಲಿ 'ತುಂಗಾ' ಎಂಬ ಕನ್ನಡ ಫಾಂಟು 2001ರ ಎಕ್ಸ್.ಪಿ. ಕಾಲದಿಂದಲೇ ಇದೆ. ಯೂನಿಕೋಡ್ ಬರಹಕ್ಕೆ ಮೇಲೆ ಹೇಳಿದ ಪೊರಕೆಯನ್ನು ಎಷ್ಟು ಬೇಕಾದರೂ ಆಡಿಸಬಹುದು. ಬಣ್ಣ ಹೋಗುತ್ತದೆ, ಕನ್ನಡ ಹೋಗುವುದಿಲ್ಲ.

ಮೊದಲು ಪರೀಕ್ಷೆ, ಆಮೇಲೆ ಪೊರಕೆ

ಹಾಗಾಗಿ ಪೊರಕೆ ಹಿಡಿಯುವ ಮುಂಚೆ ಬರಹ ಯಾವ ಜಾತಿಯದು ಎಂದು ನೋಡಬೇಕು. ಇದಕ್ಕೆ ಇಂಜಿನಿಯರ್ ಬೇಕಿಲ್ಲ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲೋ ವಾಟ್ಸ್ಯಾಪಿನಲ್ಲೋ ಅಂಟಿಸುವುದು. ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಕಾಗೆಕಾಲು ಆದರೆ ಹಳೆಯ ಫಾಂಟು. ಅಷ್ಟೇ.

ಯೂನಿಕೋಡ್ ಆಗಿದ್ದರೆ ಧೈರ್ಯವಾಗಿ ಗುಡಿಸಬಹುದು. ಹಳೆಯ ಫಾಂಟಾಗಿದ್ದರೆ ಮೊದಲು ಪರಿವರ್ತನೆ, ಆಮೇಲೆ ಪೊರಕೆ. ಹಳೆಯದನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ನುಡಿ, ಬರಹಗಳ ಜೊತೆಗೂ ಬರುತ್ತವೆ, ಬಿಟ್ಟಿಯಾಗಿಯೂ ಸಿಗುತ್ತವೆ. ನುಡಿಯ ಪರಿವರ್ತಕಕ್ಕೆ ಶ್ರೀಲಿಪಿಯ ಬರಹ ಕೊಟ್ಟರೆ ಮಾತ್ರ ಆಗದು. ಇವೆರಡರ ಒಳಗುರುತು ಬೇರೆ ಬೇರೆ. ಒಂದು ಬೀಗಕ್ಕೆ ಇನ್ನೊಂದರ ಕೀಲಿ ಹಾಕಿದಂತಾಗುತ್ತದೆ.

ಅಕಸ್ಮಾತ್ ಪರೀಕ್ಷೆ ಮಾಡದೆ ಗುಡಿಸಿ ಕಾಗೆಕಾಲು ಆಯಿತೆನ್ನಿ. ಗಾಬರಿ ಬೇಡ. ಹೊಸದಾಗಿ ಟೈಪೂ ಬೇಡ. ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಹಿಂದಿನ ಸ್ಥಿತಿಗೆ ಬರುತ್ತದೆ. ಇಲ್ಲವಾದರೆ ಆ ಭಾಗವನ್ನು ಆರಿಸಿ ಮತ್ತೆ ನುಡಿ ಫಾಂಟು ಹಾಕಿದರಾಯಿತು. ತಮ್ಮಣ್ಣ ಅಲ್ಲೇ ಇದ್ದಾನೆ, ಕಿರೀಟ ಇಟ್ಟರೆ ಮತ್ತೆ ಭೀಮಸೇನ. 'ಬರಲ್ಲ, ಹೊಸದಾಗಿ ಟೈಪ್ ಮಾಡ್ಬೇಕು' ಎಂಬ ಮಾತಿಗೆ ಹಣ ಕೊಡುವ ಮುಂಚೆ ಇದೊಂದು ಪ್ರಯತ್ನ ಮಾಡಿಸಿ ನೋಡುವುದು ಗಿರಾಕಿಗೆ ಲಾಭ.

ದುರ್ಗಮ್ಮನ ಅರ್ಕಾವತ್ತು

ಪರಿವರ್ತಕ ತಿರುಗಿಸಿಕೊಟ್ಟಿತು ಎಂದು ಕಣ್ಣು ಮುಚ್ಚಿ ಸಹಿ ಹಾಕುವಂತಿಲ್ಲ. ಮುಖ್ಯವಾಗಿ ಅರ್ಕಾವತ್ತು ನೋಡಬೇಕು. 'ಕರ್ನಾಟಕ' ಎಂದು ನಾಲಿಗೆ ಹೇಳುವಾಗ ರ ಮೊದಲು, ನಾ ಆಮೇಲೆ. ಬರೆಯುವಾಗ ಕಣ್ಣಿಗೆ ಕಾಣುವುದು ನಾ ಮೊದಲು, ಅದರ ಪಕ್ಕದಲ್ಲಿ ಅರ್ಕಾವತ್ತು. ಹಳೆಯ ಫಾಂಟಿನವರು ಕಣ್ಣಿನ ಲೆಕ್ಕ ಹಿಡಿದರು. ಯೂನಿಕೋಡಿನವರು ನಾಲಿಗೆಯ ಲೆಕ್ಕ ಹಿಡಿದರು. ಪರಿವರ್ತಕ ಪ್ರತಿಯೊಂದು ಅರ್ಕಾವತ್ತನ್ನೂ ಹಿಂದಿನಿಂದ ಎತ್ತಿ ಮುಂದೆ ಕೂರಿಸಬೇಕು. ಒಳ್ಳೆಯದಾದರೆ ಸರಿಯಾಗಿ ಕೂರಿಸುತ್ತದೆ. ಸಾಧಾರಣದ್ದಾದರೆ ಎಡವುತ್ತದೆ.

ದುರ್ಗಮ್ಮ, ಪಾರ್ವತಮ್ಮ, ಧರ್ಮಪ್ಪ ಎಂಬ ಹೆಸರಿನವರು ಊರೂರಿಗೂ ಇದ್ದಾರೆ. ಅರ್ಜಿಯಲ್ಲಿ ದುರ್ಗಮ್ಮ ಹೋಗಿ ದುಗಮ್ಮ ಆದರೆ ಓದುವವರಿಗೆ ನಗೆ. ಆಧಾರ್ ಕಾರ್ಡಿನ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆ ಆಗದೆ ವಾಪಸು ಬಂದ ಆ ಮುದುಕಿಗೆ ಮತ್ತೊಂದು ದಿನದ ಕೂಲಿ, ಮತ್ತೊಂದು ಸಲದ ಅಲೆದಾಟ. ಒಂದು ಅರ್ಕಾವತ್ತಿನ ಬೆಲೆ ಇಷ್ಟು!

ನಡುನಡುವೆ ಇಂಗ್ಲಿಷ್ ಪದವಿದ್ದರೂ ಎಚ್ಚರ. ಫಾಂಟು ಕಳಚಿದ ಮೇಲೆ ಪರಿವರ್ತಕಕ್ಕೆ ಯಾವುದು ನಿಜವಾದ ಇಂಗ್ಲಿಷು, ಯಾವುದು ವೇಷ ಹಾಕಿದ ಕನ್ನಡ ಎಂದು ಗೊತ್ತಾಗುವುದಿಲ್ಲ. ಬ್ಯಾಂಕಿನ ಹೆಸರು, ಐ.ಎಫ್.ಎಸ್.ಸಿ. ಸಂಕೇತ, ಗಾಡಿ ನಂಬರು ಎಲ್ಲವನ್ನೂ ಕನ್ನಡವೆಂದು ತಿಳಿದು ಕಲಸುಮೇಲೋಗರ ಮಾಡಿಡುತ್ತದೆ. ಹೆಸರು, ಸಂಖ್ಯೆ, ಇಂಗ್ಲಿಷ್ ಪದ ಈ ಮೂರನ್ನು ಮೂಲದ ಜೊತೆ ಇಟ್ಟು ಬೆರಳಿಟ್ಟು ಓದಬೇಕು.

ಫ್ಲೆಕ್ಸಿನಲ್ಲಿ ಒಡೆದ ಒತ್ತಕ್ಷರ

ಇದೇ ರೋಗ ತಿರುಗುಮುರುಗಾಗಿಯೂ ಉಂಟು. ಮದುವೆ ಕಾರ್ಡಿನ ಅಂಗಡಿಗಳಲ್ಲಿ ಇನ್ನೂ ಅಡೋಬ್ ಪೇಜ್‌ಮೇಕರ್ ಬಳಸುವವರಿದ್ದಾರೆ. ಅದರ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ. ಯೂನಿಕೋಡ್ ಕನ್ನಡ ಅದಕ್ಕೆ ತಿಳಿಯದು. ಬೀಗರು ಮೊಬೈಲಿನಲ್ಲಿ ಕಳಿಸಿದ ಹೆಸರಿನ ಪಟ್ಟಿ ಅದರಲ್ಲಿ ಅಂಟಿಸಿದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ಅಲ್ಲಿ ಯೂನಿಕೋಡನ್ನು ಹಳೆಯದಕ್ಕೆ ತಿರುಗಿಸಿ ಅಂಟಿಸಬೇಕು.

ಫ್ಲೆಕ್ಸ್ ಅಂಗಡಿಗಳ ಕಥೆ ಸ್ವಲ್ಪ ಬೇರೆ. ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡ ಅಂಟಿಸಿದಾಗ ಅಕ್ಷರ ಬರುತ್ತದೆ, ಆದರೆ ಒತ್ತು ಒಂದು ಕಡೆ, ಗುಣಿಸು ಒಂದು ಕಡೆ. ದಕ್ಷಿಣ ಏಷ್ಯಾದ ಲಿಪಿಗಳನ್ನು ಕೂಡಿಸುವ ವ್ಯವಸ್ಥೆ ಅದರೊಳಗೇ ಇದೆ. ಸೆಟ್ಟಿಂಗ್‌ನಲ್ಲಿ ಅದನ್ನು ಆರಿಸದಿದ್ದರೆ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಸರ್ಕಲ್‌ಗಳಲ್ಲಿ 'ಹಾರ್ದಿಕ ಶುಭಾಶಯಗಳು' ಎಂಬ ಪಾಪದ ಮಾತು ಕೈಕಾಲು ಮುರಿದುಕೊಂಡು ನೇತಾಡುವುದು ಇದರಿಂದ. ನಾಯಕರ ಮೀಸೆ ಮಾತ್ರ ನೆಟ್ಟಗಿರುತ್ತದೆ.

ಪಿ.ಡಿ.ಎಫ್.ನಿಂದ ಕಾಪಿ ಮಾಡಿದವರದು ಇನ್ನೊಂದು ಪಾಡು. ಅಲ್ಲಿ ಎಷ್ಟೋ ಸಲ ಪ್ರತಿ ಸಾಲಿನ ಕೊನೆಗೂ ಒಂದು ಎಂಟರ್ ಒತ್ತಿದ ಹಾಗೆ ಬರುತ್ತದೆ. ಒಂದೊಂದಾಗಿ ಅಳಿಸುತ್ತ ಕೂತರೆ ಸಂಜೆಯಾದೀತು. ವರ್ಡ್‌ನ 'ಫೈಂಡ್ ಅಂಡ್ ರಿಪ್ಲೇಸ್'ನಲ್ಲಿ ಪ್ಯಾರಾ ಗುರುತು ಹುಡುಕಿ ಅದರ ಜಾಗಕ್ಕೆ ಒಂದು ಖಾಲಿ ಜಾಗ ಹಾಕಿಸಿದರೆ ಒಂದೇ ಏಟಿಗೆ ಸರಿ. ಆದರೆ ನಿಜವಾದ ಪ್ಯಾರಾಗಳೂ ಒಂದಾಗಿಬಿಡುತ್ತವೆ. ಅದಕ್ಕೇ ಅವುಗಳ ಕೊನೆಗೆ ಮುಂಚೆಯೇ ಏನಾದರೊಂದು ಗುರುತು ಹಾಕಿಕೊಳ್ಳುವುದು ಜಾಣತನ.

ವಾಟ್ಸ್ಯಾಪಿನಿಂದ ನಾಲ್ಕೈದು ಮೆಸೇಜು ಒಟ್ಟಿಗೆ ಕಾಪಿ ಮಾಡಿದರೆ ಕಳಿಸಿದವರ ಹೆಸರು, ತಾರೀಖು, ಗಂಟೆಯೂ ಜೊತೆಗೇ ಬರುತ್ತವೆ. ಸಂಘದ ನೋಟೀಸಿನ ನಡುವೆ ಅದು ಅಚ್ಚಾದರೆ ಮರ್ಯಾದೆ ಹೋಗುವ ಮಾತು. ಈಚೆಗೆ ಎ.ಐ. ಬಳಿ ಅರ್ಜಿ ಬರೆಸಿ ತರುವವರೂ ಹೆಚ್ಚಿದ್ದಾರೆ. ಅಲ್ಲಿಂದ ಅಂಟಿಸಿದಾಗ ಪದಗಳ ಅಕ್ಕಪಕ್ಕ ನಕ್ಷತ್ರದ ಚುಕ್ಕಿ ಉಳಿಯುವುದುಂಟು. ತಹಶೀಲ್ದಾರರ ಮುಂದೆ ನಕ್ಷತ್ರ ಹಚ್ಚಿದ ಅರ್ಜಿ ಇಡುವ ಮುಂಚೆ ಒಮ್ಮೆ ಓದುವುದು ಒಳಿತು.

ಸರ್ವೆ ನಂಬರು ತಾರೀಖಾದಾಗ

ಎಲ್ಲಕ್ಕಿಂತ ಅಪಾಯದ ಜಾಗ ಎಕ್ಸೆಲ್. ಅಂಗಡಿ ಲೆಕ್ಕ, ಸಂಘದ ಸದಸ್ಯರ ಪಟ್ಟಿ, ಬೆಳೆ ನಷ್ಟದ ಪಟ್ಟಿ ಎಲ್ಲ ಕೂರುವುದು ಅದರಲ್ಲೇ. ವರ್ಡ್‌ನಿಂದ ಕಾಪಿ ಮಾಡಿದ ಸರ್ವೆ ನಂಬರು 12/3 ಅನ್ನು ಎಕ್ಸೆಲ್‌ನಲ್ಲಿ ಅಂಟಿಸಿದರೆ ಅದು ಜಮೀನಿನ ಹಿಸ್ಸಾ ಎಂದು ತಿಳಿಯುವುದಿಲ್ಲ. ಮಾರ್ಚ್ 12ನೇ ತಾರೀಖು ಎಂದು ತಿಳಿಯುತ್ತದೆ. ಕಂಪ್ಯೂಟರು ಅಮೆರಿಕದ ಪದ್ಧತಿಯಲ್ಲಿದ್ದರೆ ಡಿಸೆಂಬರ್ 3! ಆಮೇಲೆ ತಿದ್ದಲು ಹೋಗಿ ಅದನ್ನು ಅಕ್ಷರವಾಗಿ ಬದಲಿಸಿದರೆ ಐದಂಕಿಯ ಯಾವುದೋ ಸಂಖ್ಯೆಯಾಗುತ್ತದೆ. ಮೂಲ ಕಾಗದ ಕೈಯಲ್ಲಿಲ್ಲದಿದ್ದರೆ ಸರ್ವೆ ನಂಬರು ಹೋದಂತೆಯೇ.

ಇದು ನಮ್ಮೂರಿನ ಗುಮಾಸ್ತರ ಪಾಡು ಮಾತ್ರವಲ್ಲ. ಜಗತ್ತಿನ ವಿಜ್ಞಾನಿಗಳೂ ಈ ಏಟು ತಿಂದಿದ್ದಾರೆ. ಮನುಷ್ಯನ ವಂಶವಾಹಿಗಳಿಗೆ ಇಟ್ಟಿದ್ದ 'ಮಾರ್ಚ್ 1', 'ಸೆಪ್ಟ್ 1' ಮುಂತಾದ ಗುರುತಿನ ಹೆಸರುಗಳನ್ನು ಎಕ್ಸೆಲ್ ತಾರೀಖು ಮಾಡುತ್ತಿದ್ದುದರಿಂದ, ಹೆಸರಿಡುವ ಸಮಿತಿಯವರು ಕೊನೆಗೆ ಆ ಹೆಸರುಗಳನ್ನೇ ಬದಲಾಯಿಸಿ 2020ರಲ್ಲಿ ಹೊಸ ನಿಯಮ ಪ್ರಕಟಿಸಿದರು. ವಿಜ್ಞಾನಿಗಳು ಹೆಸರು ಬದಲಿಸಿಕೊಂಡರು. ರೈತ ಸರ್ವೆ ನಂಬರು ಬದಲಿಸಿಕೊಳ್ಳಲಾದೀತೇ?

ಬ್ಯಾಂಕ್ ಖಾತೆ ನಂಬರಿಗೂ ಗಂಡಾಂತರವಿದೆ. ಮೊದಲಿಗೆ ಸೊನ್ನೆ ಇದ್ದರೆ ಎಕ್ಸೆಲ್ ಅದನ್ನು ನುಂಗುತ್ತದೆ. ಎಕ್ಸೆಲ್ ಲೆಕ್ಕಕ್ಕೆ ಹಿಡಿಯುವುದು 15 ಅಂಕಿ ಮಾತ್ರ. 16 ಅಂಕಿಯ ಖಾತೆ ನಂಬರು ಅಂಟಿಸಿದರೆ ಕೊನೆಯ ಅಂಕಿ ಸೊನ್ನೆಯಾಗಿ ಕೂರುತ್ತದೆ, ಸದ್ದಿಲ್ಲದೆ. ದುಡ್ಡು ವಾಪಸು ಬಂದರೆ ಪುಣ್ಯ, ಬೇರೆಯವರ ಖಾತೆಗೆ ಹೋದರೆ ಅಲೆದಾಟ.

ಪರಿಹಾರ ಸುಲಭ. ಅಂಟಿಸುವ ಮುಂಚೆಯೇ ಆ ಕಾಲಂ ಪೂರ್ತಿ ಆರಿಸಿ 'ಟೆಕ್ಸ್ಟ್' ಎಂದು ಬದಲಿಸಿಕೊಳ್ಳಬೇಕು. ಆಮೇಲೆ ಸಾಮಾನು ಬಿಟ್ಟು ಬರೀ ಅಕ್ಷರ ಮಾತ್ರ ಅಂಟಿಸಬೇಕು. ಆಗ 12/3 ಎಂಬುದು 12/3 ಆಗಿಯೇ ಉಳಿಯುತ್ತದೆ. ಅಂಟಿಸಿದ ಮೇಲೆ ಟೆಕ್ಸ್ಟ್ ಮಾಡಿದರೆ ಕೆರೆ ಒಡೆದ ಮೇಲೆ ಏರಿ ಕಟ್ಟಿದ ಹಾಗೆ.

ಸರ್ಕಾರಿ ಕಾಗದದ್ದೇ ದೊಡ್ಡ ಕಥೆ

ಅಂಗಡಿಯವರಿಗೆ ಬುದ್ಧಿ ಹೇಳುವುದು ಸುಲಭ. ಆದರೆ ಅವರ ಕೈಗೆ ಬರುವ ಕಾಗದವೇ ಹಳೆಯ ಫಾಂಟಿನದಾದರೆ ಅವರೇನು ಮಾಡಿಯಾರು? ರಾಜ್ಯ ಸರ್ಕಾರ ಯೂನಿಕೋಡನ್ನು ಒಪ್ಪಿ ದಶಕ ದಾಟಿದೆ. ಆದರೂ ಹಳೆಯ ನುಡಿಯಲ್ಲೇ ಟೈಪ್ ಮಾಡಿದ ಸುತ್ತೋಲೆ, ನಮೂನೆಗಳು ಚಲಾವಣೆಯಲ್ಲಿವೆ. ಅದರ ಪಿ.ಡಿ.ಎಫ್. ಕಣ್ಣಿಗೆ ಅಂದವಾಗಿ ಕಾಣುತ್ತದೆ. ಅದರಿಂದ ಒಂದು ಸಾಲು ಕಾಪಿ ಮಾಡಿದರೆ ಕಾಗೆಕಾಲು. ಅದರಲ್ಲಿ ತನ್ನ ಊರಿನ ಹೆಸರು ಹುಡುಕಿದರೆ ಸಿಗುವುದಿಲ್ಲ. ದೃಷ್ಟಿಯಿಲ್ಲದವರಿಗೆ ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಮೂ ಅದನ್ನು ಓದಲಾರದು. ಗೋಡೆಗೆ ಹಚ್ಚಿದ ಚಿತ್ರಕ್ಕೂ ಆ ಕಾಗದಕ್ಕೂ ವ್ಯತ್ಯಾಸವಿಲ್ಲ.

ಒಂದು ನಮೂನೆಯನ್ನು ಕಚೇರಿಯವರು ಒಮ್ಮೆ ಯೂನಿಕೋಡ್‌ನಲ್ಲಿ ಹಾಕಿದರೆ ಸಾವಿರ ಜನ ಹೊಸದಾಗಿ ಟೈಪ್ ಮಾಡಿಸುವುದು ತಪ್ಪುತ್ತದೆ. ಇದಕ್ಕೆ ಟೆಂಡರು ಬೇಡ, ಶಂಕುಸ್ಥಾಪನೆಯೂ ಬೇಡ. ಗುಮಾಸ್ತರು ಟೈಪ್ ಮಾಡುವಾಗ ನುಡಿಯ ಹಳೆಯ ಫಾಂಟು ಬಿಟ್ಟು ಯೂನಿಕೋಡ್ ಆರಿಸಿಕೊಂಡರೆ ಸಾಕು. ಕೀಲಿಮಣೆ ಅದೇ, ಬೆರಳು ಅದೇ.

ಡಿಟಿಪಿ ಅಂಗಡಿಯವರೂ ಕೌಂಟರಿನಲ್ಲಿ 'ಯೂನಿಕೋಡ್ ಕನ್ನಡ ಮಾಡಿಕೊಡಲಾಗುವುದು' ಎಂದು ಒಂದು ಬೋರ್ಡು ನೇತುಹಾಕಿದರೆ ಗಿರಾಕಿ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. ಟೈಪಿಂಗಿನ ನಾಲ್ಕು ಕಾಸು ಒಂದು ದಿನ ಹೋಗಬಹುದು. ನಂಬಿಕೆಯ ಗಿರಾಕಿ ಮಾರನೆಯ ದಿನವೂ ಬರುತ್ತಾನೆ.

ಅಲ್ಲಿಯ ತನಕ ದುರ್ಗಮ್ಮನಂಥವರು ಅರ್ಕಾವತ್ತಿಗಾಗಿ ಬಸ್ ಚಾರ್ಜು ಕಳೆದುಕೊಳ್ಳುವುದು ತಪ್ಪುವುದಿಲ್ಲ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?